ಆ ಕಡೆಯವರು ಕೊಟ್ಟ ಮಾತು

ಎದುರು ಮನೆಯಲ್ಲಿ ನೆಲಕ್ಕೆ ಕಲ್ಲು ಹಾಸುತ್ತಿದ್ದಾರೆ. ನೀರಲ್ಲಿ ನೆನೆದ ಕಲ್ಲುಪುಡಿಯ ವಾಸನೆ ಬಂದೊಡನೆ ಪಕ್ಕದ ಮನೆಯ ಕಾಕಿ ನೆನಪಾದಳು. ತೆಲಂಗಾಣದ ತಾಂಡೂರಿನಲ್ಲಿ ಕಾಕಿಯೂ ನಮ್ಮವ್ವನೂ ಒಂದೇ ಕಲ್ಲು ಪಾಲಿಶ್ ಕಾರ್ಖಾನೆಗೆ ಹೋಗುತ್ತಿದ್ದರು. ಸಂಜೆ ಇಬ್ಬರ ಸೀರೆಗೂ ಇದೇ ವಾಸನೆ...

ಕೂಲಿ ಏರಿಸಿ ಎಂದರೆ ಮಾಲಕನದು ಒಂದೇ ಮಾತು: ಗಡಿ ದಾಟಿದರೆ ಕರ್ನಾಟಕದಲ್ಲಿ ಇದಕ್ಕಿಂತ ಕಡಿಮೆಗೆ ಮಾಡುತ್ತಾರೆ, ಕಲ್ಲೆಲ್ಲ ಅಲ್ಲಿಗೇ ಕಳಿಸುತ್ತೇನೆ. ನಾನು ಹುಟ್ಟಾ ಸಂಶಯದವನು, ಮಾಲಕ ನಮಸ್ಕಾರ ಅಂದರೂ ಜೇಬು ಮುಟ್ಟಿ ನೋಡಿಕೊಳ್ಳುವವನು. ಆದರೂ ಈ ಮಾತನ್ನು ನಂಬಿದ್ದೆ. ಆಚೆಯ ಊರಿನ ಮದುವೆಯೊಂದರಲ್ಲಿ ಅಲ್ಲಿನ ಪಾಲಿಶ್ ಹೆಂಗಸರ ಜೊತೆ ಊಟಕ್ಕೆ ಕೂತಾಗ ಕಾಕಿಗೆ ಗೊತ್ತಾಯಿತು, ಅವರ ಮಾಲಕನೂ ನಮ್ಮನ್ನು ತೋರಿಸಿ ಇದೇ ಬೆದರಿಕೆ ಹಾಕುತ್ತಿದ್ದಾನೆಂದು.

ಎರಡೂ ಕಡೆಗೆ ಒಂದೇ ಕನಿಷ್ಠ ಕೂಲಿ ಗೊತ್ತು ಮಾಡಿ ಎಂದು ಕಾಕಿ ಕಾರ್ಮಿಕ ಕಚೇರಿಯಲ್ಲಿ ಕೇಳಿದಳು. ಅದು ಆಯಾ ಸರ್ಕಾರದ್ದು, ನಮ್ಮ ಕೈಯಲ್ಲಿಲ್ಲ ಎಂದರು. ಚುನಾವಣೆಗೆ ಬಂದವರು, ಎರಡೂ ಸರ್ಕಾರ ಕೂತು ಮಾತಾಡುತ್ತವೆ ಎಂದರು. ಕೂತದ್ದನ್ನು ಕಂಡವರಿಲ್ಲ.

"ಸರ್ಕಾರ ಕೂಡೂದು ಆದಾಗ ಆಗ್ಲಿ, ನಾವೇ ಕೂಡೋಣ ಬರ್ರಿ," ಎಂದಳು ಕಾಕಿ.

ಗಡಿಯ ಬೇವಿನ ಮರದ ಕೆಳಗೆ ಎರಡೂ ಕಡೆಯ ಹೆಂಗಸರು ಸೇರಿದರು. ನಾನೂ ಜೊತೆಗೆ ಹೋಗಿದ್ದೆ. ಸೋಮವಾರ ಎರಡೂ ಕಡೆ ಕೆಲಸ ನಿಲ್ಲಿಸಿ ಒಂದೇ ಕೂಲಿ ಕೇಳುವುದೆಂದಾಯಿತು. ನಮ್ಮದು ಕುರಿ ಸಾಕುವ ಮನೆತನಗಳು. ಮಾತು ಕೊಡುವುದೆಂದರೆ ಮಲ್ಲಯ್ಯನ ಭಂಡಾರ ಮುಟ್ಟಿ ಆಣೆ ಮಾಡಬೇಕು. ನಮ್ಮವರೆಲ್ಲ ಆ ಅರಿಶಿನವನ್ನು ಮುಟ್ಟಿ ಹಣೆಗೆ ಹಚ್ಚಿಕೊಂಡರು. ಆಚೆಯವರು ಬುದ್ಧನಿಗೆ ನಡೆದುಕೊಳ್ಳುವವರು, ಭಂಡಾರದ ತಟ್ಟೆ ಮುಟ್ಟಲಿಲ್ಲ.

"ನಾವು ಆಣಿ ಮಾಡಂಗಿಲ್ರಿ, ಯಕ್ಕಾ. ಕೆಲಸ ಬಂದ್ ಅಂದ್ರ ಬಂದ್," ಎಂದಳು ಅವರಲ್ಲೊಬ್ಬಳು.

ಕಾಕಿಗೆ ಅಷ್ಟು ಸಾಕಾಯಿತು. ಬರುವಾಗ ಆಟೋದಲ್ಲಿ ಗುಸುಗುಸು ಶುರುವಾಯಿತು.

"ಆಣಿ ಮಾಡಲಾರದವರ ಮಾತೇನ್ ಮಾತು? ಅವರು ಕೆಲಸಕ್ಕ ಹೋಗೇ ಹೋಗ್ತಾರ ನೋಡು. ನಾವು ಮನ್ಯಾಗ ಕುಂತ್ರ ಇದ್ದ ಕೆಲಸಾನೂ ಹೋಗ್ತದ," ಎಂದಳು ಅವ್ವ. ನನಗೂ ಹಾಗೇ ಅನ್ನಿಸಿತ್ತು.

ಸೋಮವಾರ ಭಂಡಾರ ಮುಟ್ಟಿದವರೆಲ್ಲ ಒಬ್ಬರ ಹಿಂದೊಬ್ಬರು ಕಾರ್ಖಾನೆಯೊಳಗೆ ಹೋದರು. ಅವ್ವನೂ ಹೋದಳು. ಗೇಟಿನ ಹೊರಗೆ ಉಳಿದದ್ದು ಕಾಕಿ ಒಬ್ಬಳೇ. ಸಂಜೆ ಕಲ್ಲಿನ ಲಾರಿಯ ಡ್ರೈವರ್ ಸುದ್ದಿ ತಂದ: ಆಚೆ ಒಂದು ಮಷೀನೂ ತಿರುಗಿಲ್ಲ. ನಮ್ಮವರು ಒಳಗೆ ಹೋದದ್ದು ತಿಳಿದ ಮೇಲೆ ಅವರೂ ಹಳೆಯ ಕೂಲಿಗೇ ಮರಳಿದರು.

ಆಮೇಲೆ ಕಾಕಿಯನ್ನು ಯಾವ ಮಾಲಕನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಯಾಲಾಲ್ ಕಡೆಯ ಹೊಲಗಳಿಗೆ ಕಳೆ ತೆಗೆಯಲು ಹೋಗತೊಡಗಿದಳು. ಆಕೆ ಅವ್ವನನ್ನು ಒಮ್ಮೆಯೂ ಬೈಯಲಿಲ್ಲ. ನನಗೆ ಮಾತ್ರ ಅವ್ವನ ಮೇಲೆ ಇಂದಿಗೂ ಸಿಟ್ಟಿದೆ. ಹೊಟ್ಟೆಪಾಡು ಅಂತ ಗೊತ್ತು, ಆದರೂ ಇದೆ...

ಕಾಕಿ ತೀರಿಕೊಂಡು ವರ್ಷಗಳಾದವು. ಆಕೆಯ ಮಣ್ಣಿಗೆ ಆಚೆಯ ಹೆಂಗಸರು ಬಂದಿದ್ದರು. ನಮ್ಮವರು ಅವರ ಮುಖ ನೋಡಲಿಲ್ಲ. ಈಗ ನನ್ನ ತಂಗಿ ಪಾಲಿಶ್ ಕೆಲಸಕ್ಕೆ ಹೋಗುತ್ತಾಳೆ.

"ಆ ಕಡಿ ಮತ್ತ ಕಡಿಮಿಗೆ ಮಾಡ್ಲಾಕತ್ತಾರಂತ, ಮಾಲಕ ಅಂದ. ಖರೇ ಏನ, ಅಣ್ಣಾ?" ಎಂದು ನಿನ್ನೆ ಕೇಳಿದಳು.

ಸುಳ್ಳೇ ಇರಬೇಕು. ಆದರೆ ಕೇಳಿ ನೋಡೋಣವೆಂದರೆ ಆಚೆ ನನಗೆ ಯಾರೂ ಗೊತ್ತಿಲ್ಲ. ಗೊತ್ತಿದ್ದವಳು ಕಾಕಿ ಒಬ್ಬಳೇ.