ಅಳಿಸಿಹೋದ ಭಜನೆ

“ನೀವು ಹಾಡು ತುಂಬಿಸಿ ಕೊಟ್ಟದ್ದರಲ್ಲಿ ಮಗಳಿಗೆ ಶಾಲೆ ಬಸ್ಸು ತಪ್ಪಿತು ಮಾರಾಯ್ರೆ,” ಎನ್ನುತ್ತಾ ಪೆರಾಬೆಯ ಲೀಲಕ್ಕ ಹಳೆಯ ಎಂಪಿತ್ರೀ ಪ್ಲೇಯರನ್ನು ಕಡಬದ ನನ್ನ ಮೊಬೈಲ್ ಅಂಗಡಿಯ ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಯೂನಿಫಾರಂ ತೊಟ್ಟ ಮಗಳು ಮುಖ ಊದಿಸಿಕೊಂಡು ನಿಂತಿದ್ದಳು. ಒಂದು ಜಡೆ ಹೆಣೆದಾಗಿತ್ತು, ಇನ್ನೊಂದು ಬಿಚ್ಚಿಯೇ ಇತ್ತು.

ಹಿಂದಿನ ದಿನ ಆ ಪ್ಲೇಯರಿಗೆ ಬ್ಯಾಟರಿ ಬದಲಿಸಿ, ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿ, ಮತ್ತೆ ತುಂಬಿಸಿದವನು ನಾನೇ. ಅದಕ್ಕೆ ಪರದೆಯಿಲ್ಲ, ಒಂದಾದ ಮೇಲೊಂದು ಹಾಡುತ್ತಾ ಹೋಗುತ್ತದೆ ಅಷ್ಟೆ. ಒಂದೇ ಭಜನೆ ನಾಲ್ಕು ಕಡೆ ಇತ್ತು. ತಪ್ಪಿ ಸೇರಿದ್ದಿರಬೇಕು ಎಂದು ಮೂರನ್ನು ಅಳಿಸಿ, ನನಗಿಷ್ಟದ ಹತ್ತು ಸಿನಿಮಾ ಹಾಡು ಹಾಕಿದ್ದೆ. ಉಪಕಾರ ಮಾಡಿದೆನೆಂದೇ ಎಣಿಸಿದ್ದೆ.

“ರಬ್ಬರ್ ಮರ ಟ್ಯಾಪಿಂಗ್ ಮಾಡುವಾಗ ಕೈಯೆಲ್ಲ ಮರದ ಹಾಲು, ಗಂಟೆ ನೋಡ್ಲಿಕ್ಕೆ ಮೊಬೈಲ್ ಮುಟ್ಲಿಕ್ಕೆ ಆಗುದಿಲ್ಲ. ಆ ಭಜನೆ ನಾಲ್ಕನೇ ಸಲ ಬಂದ ಕೂಡ್ಲೆ ನಾನು ಕತ್ತಿ ಇಟ್ಟು ಮನೆಗೆ ಓಡುದು, ಇವಳಿಗೆ ಜಡೆ ಹಾಕ್ಲಿಕ್ಕೆ. ಇವತ್ತು ಕಾದದ್ದೇ ಬಂತು.”

ಕಂಪ್ಯೂಟರಿನಲ್ಲಿ ಉಳಿದಿದ್ದ ಹಳೆಯ ಪಟ್ಟಿ ನೋಡಿ ನಾಲ್ಕೂ ಭಜನೆಗಳನ್ನು ಅವುಗಳ ಜಾಗದಲ್ಲೇ ಕೂರಿಸಿದೆ. ನನ್ನ ಹಾಡುಗಳನ್ನು ತೆಗೆಯಲಾ ಎಂದು ಕೇಳಿದ್ದಕ್ಕೆ ಲೀಲಕ್ಕ ಸ್ವಲ್ಪ ಯೋಚಿಸಿದರು. “ಕೊನೆಗೆ ಹಾಕಿ. ಆದಿತ್ಯವಾರ ಶಾಲೆ ಇಲ್ಲ, ಪೂರ್ತಿ ಕೇಳ್ತೇನೆ.”

ಈಗ ಯಾರ ಪ್ಲೇಯರಿನಿಂದಲೂ ಕೇಳದೆ ಒಂದು ಹಾಡನ್ನೂ ಅಳಿಸುವುದಿಲ್ಲ. ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವ ಹೊತ್ತಿಗೆ ಶಾಲೆ ಬಸ್ಸು ಮುಂದಿನಿಂದಲೇ ಹೋಗುತ್ತದೆ. ಕಿಟಕಿಯಲ್ಲಿ ಎರಡು ಜಡೆ ಕಂಡ ಮೇಲೆಯೇ ನನಗೆ ಸಮಾಧಾನ.