ಇವರ ಹೆಸರಿನ ಕಂದಾಯ ರಸೀದಿ

ನನ್ನ ಮಗಳಿಗೆ ಮದುವೆಯಾಗಿ ಒಂಬತ್ತು ವರ್ಷಕ್ಕೆ ಮಗು ಹುಟ್ಟಿತು. ಹೆಣ್ಣು ಮಗು. ಕಳಸದಿಂದ ಅಳಿಯ ಪಕ್ಕದ ಮನೆಗೆ ಫೋನು ಮಾಡಿ ಹೇಳಿದ. ಕೇಳಿದ್ದೇ ತಡ, ಇವರಿಗೆ ಹೇಳಬೇಕೆಂದು ಬೇಲಿ ದಾಟಿ ಮನೆಗೆ ಓಡಿ ಬಂದೆ. ಮನೆಯಲ್ಲಿ ಯಾರಿದ್ದರು? ಇವರು ತೀರಿಕೊಂಡು ಆಗಲೇ ಆರು ವರ್ಷ. ಖಾಲಿ ಅಡುಗೆಮನೆಯಲ್ಲಿ ನಿಂತು ಒಬ್ಬಳೇ ನಕ್ಕೆ. ಅಷ್ಟು ಸಂತೋಷವನ್ನು ಎಲ್ಲಿ ಇಡುವುದೆಂದೇ ತಿಳಿಯಲಿಲ್ಲ.

ಆ ವಾರವೇ ನಿಶ್ಚಯ ಮಾಡಿದೆ, ತೋಟದಲ್ಲಿ ನನ್ನ ಪಾಲು ಮಗುವಿಗೆ ಎಂದು. ಜಾವಳಿ ಹತ್ತಿರ ನಮ್ಮದು ಒಂದೂವರೆ ಎಕರೆ ಕಾಫಿ. ಇವರು ದೊಡ್ಡ ಎಸ್ಟೇಟಿನಲ್ಲಿ ರೈಟರ್ ಆಗಿ ಆಳುಗಳ ಹಾಜರಿ, ಲೆಕ್ಕ ಬರೆಯುತ್ತಿದ್ದವರು. ನಿವೃತ್ತಿಯಾದಾಗ ಬಂದ ಹಣದಲ್ಲಿ ತೋಟ ಕೊಂಡು, ಉಳಿದದ್ದನ್ನು ಬ್ಯಾಂಕಿನಲ್ಲಿ ಇಟ್ಟಿದ್ದರು. ಬಡ್ಡಿಯಲ್ಲಿ ತೆರಿಗೆ ಹಿಡಿಯದ ಹಾಗೆ ವರ್ಷ ವರ್ಷ ಒಂದು ಫಾರಂ ತುಂಬಿ ಕೊಡುತ್ತಿದ್ದರು. ನಾಮಿನಿ ಎಂದು ನನ್ನ ಹೆಸರು ಬರೆಸಿದ್ದರಿಂದ ಆ ಹಣ ಸಲೀಸಾಗಿ ನನಗೆ ಬಂತು. ತೋಟವೂ ಹಾಗೇ ಬಂದಿದೆ ಎಂದುಕೊಂಡೆ. ಎರಡನೇ ಕ್ಲಾಸು ಓದಿದವಳು ನಾನು. ಕಾಗದದಲ್ಲಿ ಯಾರ ಹೆಸರಿದ್ದರೂ ಕಂದಾಯ ಕಟ್ಟಿದವರದ್ದೇ ಜಮೀನು ಎಂದು ನನ್ನ ಲೆಕ್ಕ.

ಮೂಡಿಗೆರೆಗೆ ಬಸ್ಸು ಹತ್ತಿದೆ. ನೋಂದಣಿ ಕಚೇರಿಯ ಎದುರು ಕೂತು ಪತ್ರ ಬರೆಯುವವರ ಮುಂದೆ ಕಂದಾಯದ ರಸೀದಿಗಳನ್ನೆಲ್ಲ ಹರವಿ, ಮಗುವಿನ ಮೂಗು ಎಷ್ಟು ಚಂದ ಎನ್ನುವುದರಿಂದ ಶುರು ಮಾಡಿದೆ. ಅವರು ತಾಳ್ಮೆಯಿಂದ ಕೇಳಿ, ರಸೀದಿ ತಿರುವಿ ಹಾಕಿದರು.

"ಅಜ್ಜಿ, ಇದೆಲ್ಲ ನಿಮ್ಮ ಯಜಮಾನ್ರ ಹೆಸರಲ್ಲಿದೆ. ಅವ್ರನ್ನ ಕರ್ಕೊಂಡು ಬನ್ನಿ, ಸಹಿ ಬೇಕು."

"ಅವ್ರು ಬರಲ್ಲ ಮಾರಾಯ್ರೆ."

"ಯಾಕೆ, ಕಾಲು ನೋವಾ? ಜೀಪು ಮಾಡ್ಕೊಂಡು ಬನ್ನಿ."

"ಅವ್ರು ಹೋಗಿ ಆರು ವರ್ಷ ಆಯ್ತು."

ಅವರು ಕನ್ನಡಕ ತೆಗೆದರು. "ಮತ್ತೆ ಹೋದ ವರ್ಷದ ರಸೀದಿಯಲ್ಲೂ ಅವ್ರೇ ಇದ್ದಾರಲ್ಲ?"

"ಕಟ್ಟಿದ್ದು ನಾನು."

"ನೀವು ಕಟ್ಟಿದ್ದು ಅವ್ರ ಲೆಕ್ಕಕ್ಕೆ ಹೋಗಿದೆ. ಖಾತೆ ನಿಮ್ಮ ಹೆಸರಿಗೆ ಬರದೆ ಮೊಮ್ಮಗಳಿಗೆ ಏನು ಕೊಡ್ತೀರಿ? ನೀವೂ ಹೀಗೇ ಹೋದ್ರೆ, ಮಗಳು ಎರಡೆರಡು ಸಾವಿನ ಕಾಗದ ಹಿಡ್ಕೊಂಡು ಅಲೀಬೇಕು."

ನಮ್ಮ ಗ್ರಾಮ ಲೆಕ್ಕಿಗರು ಎರಡು ಸಲ ಹೇಳಿದ್ದರು, ಪೌತಿ ಖಾತೆ ಮಾಡಿಸಿ, ತೀರಿಕೊಂಡವರ ಹೆಸರು ತೆಗೆಸಿ ನಿಮ್ಮದು ಹಾಕಿಸಿ ಎಂದು. ನಾನೇ ಮುಂದೂಡಿದ್ದೆ. ಅದಕ್ಕೊಂದು ಕಾರಣವಿತ್ತು, ಯಾರಿಗೂ ಹೇಳಿರಲಿಲ್ಲ. ನಮ್ಮ ಕಾಲದಲ್ಲಿ ಗಂಡನ ಹೆಸರು ಹೇಳುವ ಪದ್ಧತಿಯಿರಲಿಲ್ಲ. ನಲವತ್ತೊಂದು ವರ್ಷ ಸಂಸಾರ ಮಾಡಿದರೂ ಒಮ್ಮೆಯೂ ಆ ಹೆಸರು ನನ್ನ ಬಾಯಲ್ಲಿ ಬಂದಿರಲಿಲ್ಲ. ಇವರು ಹೋದ ಮೇಲೆ ಆ ಹೆಸರನ್ನು ಕರೆಯುವವರೂ ಯಾರೂ ಉಳಿಯಲಿಲ್ಲ. ವರ್ಷಕ್ಕೊಮ್ಮೆ ಕಂದಾಯ ಕಟ್ಟಲು ಹೋದಾಗ ಮಾತ್ರ ಲೆಕ್ಕಿಗರು ಪುಸ್ತಕ ನೋಡಿ ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ನಾನು "ಹೂಂ" ಎನ್ನುತ್ತಿದ್ದೆ. ಅದೊಂದನ್ನು ಕೇಳಲಿಕ್ಕೆಂದೇ ಒಳ್ಳೆಯ ಸೀರೆ ಉಟ್ಟು ಹೋಗುತ್ತಿದ್ದೆ.

ಆದರೆ ಈಗ ಮಗು ಬಂದಿದೆ. ನನ್ನ ಆಸೆಗೆ ಅವಳ ಪಾಲು ಸಿಕ್ಕಿಹಾಕಿಕೊಳ್ಳಬಾರದಲ್ಲ.

ಬಾಣಂತನ ಮುಗಿದ ಮೇಲೆ ಮಗಳು ಮಗುವನ್ನೆತ್ತಿಕೊಂಡು ಬಂದಳು. ಮರಣ ಪತ್ರ, ವಂಶವೃಕ್ಷ ಎಲ್ಲ ಜೋಡಿಸಿ ಲೆಕ್ಕಿಗರ ಮುಂದೆ ಕೂತೆವು. ಆಗ ಹೊಸಬರು ಬಂದಿದ್ದರು, ಸಣ್ಣ ವಯಸ್ಸಿನವರು.

"ತೀರಿಕೊಂಡವ್ರ ಹೆಸರು ಹೇಳಿ ಅಜ್ಜಿ."

ನಾನು ರಸೀದಿಯನ್ನು ಅವರ ಕಡೆ ತಳ್ಳಿದೆ.

"ಅದು ಗೊತ್ತು. ನೀವು ಹೇಳಿದ್ದು ಅಂತ ಹೇಳಿಕೆ ಬರ್ಕೋಬೇಕು."

"ನಾನ್ ಹೇಳ್ತೀನಿ ಬಿಡಿ ಸಾರ್, ಅಮ್ಮ ಹೇಳಲ್ಲ" ಎಂದಳು ಮಗಳು.

"ಸುಮ್ನಿರೇ" ಎಂದೆ. ಮಗುವಿನ ಕಡೆ ತಿರುಗಿ, "ನಿನ್ನ ಅಜ್ಜನ ಹೆಸರು ಕೇಳ್ತಿದ್ದಾರೆ ನೋಡು ಪುಟ್ಟಿ" ಎಂದು ಶುರು ಮಾಡಿ, ಹೇಳಿಬಿಟ್ಟೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. ಲೆಕ್ಕಿಗರು ಬರೆದುಕೊಂಡು, ಅದರ ಮುಂದೆ 'ಮೃತ' ಎಂದು ಸೇರಿಸಿದರು.

ಕೆಲವು ತಿಂಗಳಲ್ಲಿ ಪಹಣಿ ನನ್ನ ಮತ್ತು ಮಗಳ ಹೆಸರಿಗೆ ಅರ್ಧರ್ಧ ಬಂತು. ಮತ್ತೆ ಪತ್ರ ಬರೆಯುವವರ ಹತ್ತಿರ ಹೋದೆವು.

"ವಿಲ್ ಬರೆದ್ರೆ ಛಾಪಾ ಕಾಗದದ ಖರ್ಚಿಲ್ಲ, ಮನಸ್ಸು ಬದಲಾದ್ರೆ ತಿದ್ದಬಹುದು. ದಾನಪತ್ರ ಆದ್ರೆ ಕೊಟ್ಟಿದ್ದು ಕೊಟ್ಟ ಹಾಗೇ. ಮನೆಯವ್ರಿಗೇ ಕೊಡೋದಾದ್ರೆ ಅದಕ್ಕೂ ಹೆಚ್ಚು ಖರ್ಚಿಲ್ಲ. ಯಾವ್ದು ಬರೀಲಿ?"

"ಬದಲಾಯ್ಸಿ ಕೊಡೋಕೆ ನಂಗೆ ಇನ್ಯಾರಿದ್ದಾರೆ? ದಾನಪತ್ರಾನೇ ಬರೀರಿ."

"ನೀವಿರೋ ತನಕ ಫಸಲು ನಿಮ್ಮದೇ ಅಂತ ಒಂದು ಸಾಲು ಸೇರಿಸ್ತೀನಿ. ಬೇಡ ಅನ್ಬೇಡಿ."

ಮಗುವಿನ ಹಿಂದೆ ಆದಾಯ ತೆರಿಗೆಯವರು ಬರುತ್ತಾರೇನೋ ಎಂದು ಮಗಳಿಗೆ ಹೆದರಿಕೆ. ಪತ್ರ ಬರೆಯುವವರು ನಕ್ಕರು. "ಗಿಡದಿಂದ ಕೊಯ್ದು ಒಣಗಿಸಿ ಮಾರೋ ಕಾಫಿಗೆ ಅದೆಲ್ಲ ಇಲ್ಲಮ್ಮ. ಕಂದಾಯ ಒಂದು ಕಟ್ಟಿ."

"ತೊಟ್ಟಿಲಲ್ಲಿ ಮಲಗಿರೋಳಿಗೆ ಕಂದಾಯ!" ಎಂದು ನಾನು ಎಷ್ಟು ನಕ್ಕೆನೆಂದರೆ ಅಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಪತ್ರ ನೋಂದಣಿಯಾದ ಮೇಲೆ ಮಗಳು ಮಗುವನ್ನು ಡಾಕ್ಟರಿಗೆ ತೋರಿಸಲು ಚಿಕ್ಕಮಗಳೂರಿಗೆ ಹೋದಳು. ನಾನು ಒಬ್ಬಳೇ ಜಾವಳಿ ಬಸ್ಸು ಹತ್ತಿದೆ. ಪಕ್ಕದಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಕೂತಿದ್ದಳು. ಸುಮ್ಮನಿರಲು ಆಗಲಿಲ್ಲ.

"ನನ್ನ ಮೊಮ್ಮಗಳ ಹೆಸರಲ್ಲಿ ಮುಕ್ಕಾಲು ಎಕರೆ ತೋಟ ಇದೆ ಗೊತ್ತಾ? ಇನ್ನೂ ಎರಡೇ ಹಲ್ಲು ಅವಳಿಗೆ."

"ಅಬ್ಬಾ! ನಿಮ್ಮ ಯಜಮಾನ್ರಿಗೆ ಖುಷಿಯೋ ಖುಷಿ ಅಲ್ವಾ ಅಮ್ಮ?"

"ಹೂಂ" ಎಂದೆ. ಇವರ ವಿಷಯ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳ ಸ್ಟಾಪು ಬಂತು. ಚೀಲ ಎತ್ತಿಕೊಂಡು, ನಗುತ್ತಾ ಇಳಿದು ಹೋದಳು.