ಕಿಟಕಿ ಪಕ್ಕದ ಮಗ್ಗ

೨೦೦೮ರಲ್ಲಿ ನಾನು ಕೊಯಮತ್ತೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹಿರಿಯ ಆಡಿಯಾಲಜಿಸ್ಟ್ ಆಗಿದ್ದೆ. ಆಡಿಯಾಲಜಿಸ್ಟ್ ಎಂದರೆ ಕಿವಿಯ ಡಾಕ್ಟರಲ್ಲ, ಕಿವಿಗೆ ಎಷ್ಟು ಕೇಳಿಸುತ್ತದೆ ಎಂದು ಅಳೆಯುವವಳು. ಈ ವ್ಯತ್ಯಾಸವನ್ನು ನಿವೃತ್ತಿಯಾಗುವವರೆಗೂ ರೋಗಿಗಳಿಗೆ ವಿವರಿಸುತ್ತಲೇ ಬಂದೆ. ಅವರೂ ನಾನು ನಿವೃತ್ತಿಯಾಗುವವರೆಗೂ ನನ್ನನ್ನು ಡಾಕ್ಟ್ರಮ್ಮ ಎಂದೇ ಕರೆದರು. ಮೈಸೂರಿನಲ್ಲಿ ಓದಿದವಳು ನಾನು. ಗಂಡನಿಗೆ ಇಲ್ಲಿಗೆ ವರ್ಗವಾದದ್ದರಿಂದ ಈ ಊರಿಗೆ ಬಂದು, ಇಲ್ಲಿಯೇ ಕೆಲಸ ಹಿಡಿದೆ.

ನಮ್ಮ ವಿಭಾಗಕ್ಕೆ ಬರುವವರಲ್ಲಿ ಸೂಲೂರು, ಪಲ್ಲಡಂ ಕಡೆಯ ನೇಕಾರರು ಬಹಳ. ತಿರುಪ್ಪೂರು ಆಗ ಇನ್ನೂ ಬೇರೆ ಜಿಲ್ಲೆಯಾಗಿರಲಿಲ್ಲ. ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಹದಿನೈದು ಇಪ್ಪತ್ತು ವರ್ಷ ನಿಂತವರ ಕಿವಿಗೆ ಒಂದು ವಿಶೇಷ ರೀತಿಯ ಪೆಟ್ಟು ಬಿದ್ದಿರುತ್ತದೆ. ದಪ್ಪ ಸ್ವರ ಅಷ್ಟಿಷ್ಟು ಕೇಳುತ್ತದೆ, ತೆಳು ಸ್ವರ ಕೇಳುವುದಿಲ್ಲ. ಆಡಿಯೋಗ್ರಾಂ ಎಂಬ ನಕ್ಷೆಯಲ್ಲಿ ನಾಲ್ಕು ಸಾವಿರ ಹರ್ಟ್ಸ್ ಸುತ್ತ ಗೆರೆ ಗುಂಡಿಗೆ ಬಿದ್ದಂತೆ ಇಳಿದಿರುತ್ತದೆ. ಆ ಗುಂಡಿ ಕಂಡರೆ ಸಾಕು, ಬಂದವರ ಕಸುಬು ಯಾವುದೆಂದು ಕೇಳುವ ಅಗತ್ಯವೇ ಬರುತ್ತಿರಲಿಲ್ಲ.

ಆ ಆಗಸ್ಟ್ ಮೊದಲಲ್ಲಿ ಪಲ್ಲಡಂ ಬಳಿಯ ಒಂದು ನೇಯ್ಗೆ ಮಿಲ್ಲಿನಿಂದ ಪಳನಿಸಾಮಿ ಎಂಬ ನೇಕಾರರನ್ನು ಪರೀಕ್ಷೆಗೆ ಕಳಿಸಿದರು. ಜೊತೆಗೆ, ಇವರ ಕಿವುಡು ನಿಜವೇ ಎಂದು ತಿಳಿಸಿ ಎಂಬ ಮ್ಯಾನೇಜರರ ಪತ್ರವೂ ಇತ್ತು. ವಿಷಯ ಇಷ್ಟು. ಜುಲೈ ಕೊನೆಯಲ್ಲಿ ಪಳನಿಸಾಮಿಯವರ ಮಗ್ಗ ಕೆಟ್ಟಿತ್ತು. ಫಿಟ್ಟರ್ ಚೌಡಪ್ಪ ಹಲ್ಲುಚಕ್ರದ ಮುಚ್ಚಳ ತೆಗೆದು ರಿಪೇರಿ ಮಾಡಿ, ಒಮ್ಮೆ ಓಡಿಸಿ ನೋಡೋಣ ಎಂದು ಸನ್ನೆ ಮಾಡಿದರು. ಪಳನಿಸಾಮಿ ಹಿಡಿ ಎಳೆದು ಮಗ್ಗ ಓಡಿಸಿದರು. ಚೌಡಪ್ಪನವರ ಕೈಯಲ್ಲಿದ್ದ, ಎಣ್ಣೆ ಒರೆಸುವ ಹತ್ತಿಯ ವೇಸ್ಟ್ ಚಕ್ರಕ್ಕೆ ಸಿಕ್ಕಿ ಕೈಯನ್ನೂ ಒಳಗೆಳೆಯಿತು. ಅವರು ಕೂಗಿಕೊಂಡರೂ ಮಗ್ಗ ನಿಲ್ಲಲಿಲ್ಲ. ಬಲಗೈಯ ಎರಡು ಬೆರಳು ಹೋದವು. ಕೂಗು ಕೇಳಿಯೂ ಪಳನಿಸಾಮಿ ಮಗ್ಗ ನಿಲ್ಲಿಸಲಿಲ್ಲ ಎಂಬುದು ಮಿಲ್ಲಿನ ಆರೋಪ. ರುಜುವಾತಾದರೆ ಕೆಲಸದಿಂದ ವಜಾ. ನನಗೆ ಕಿವಿ ಕೇಳುವುದಿಲ್ಲ ಎಂಬುದು ಅವರ ಉತ್ತರ.

ಪತ್ರದ ಕೊನೆಯಲ್ಲಿ ಮ್ಯಾನೇಜರ್ ಒಂದು ಪ್ರಶ್ನೆ ಸೇರಿಸಿದ್ದರು. ಈ ಮನುಷ್ಯ ಟೆಸ್ಟ್ ಮ್ಯಾಚಿನ ದಿನ ಇಡೀ ಶೆಡ್ಡಿಗೆ ಬಾಲ್ ಬಾಲಿನ ಸ್ಕೋರ್ ತಿಳಿಸುತ್ತಾನೆ. ಎಲ್ಲೋ ರೇಡಿಯೋ ಅಡಗಿಸಿಟ್ಟುಕೊಂಡು ಕಾಮೆಂಟರಿ ಕೇಳುವವನಿಗೆ ಪಕ್ಕದಲ್ಲಿ ಕೂಗಿದ್ದು ಕೇಳುವುದಿಲ್ಲವೇ? ಜಾಣ ಕಿವುಡಿರಬೇಕು ಎಂದು ಅವರ ಅನುಮಾನ.

ಕ್ರಿಕೆಟ್ ನನಗೆ ಇಷ್ಟದ ವಿಷಯವಲ್ಲ. ಆದರೆ ಆ ವರ್ಷ ಅದರಿಂದ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಜನವರಿಯಲ್ಲಿ ಆಸ್ಟ್ರೇಲಿಯಾದಲ್ಲಿ ಅಂಪೈರುಗಳ ತೀರ್ಪಿನ ಬಗ್ಗೆ ದೊಡ್ಡ ರಂಪವಾಗಿ, ನಮ್ಮ ಯಜಮಾನರು ಅಂಪೈರರನ್ನು ಬೈದುಕೊಂಡೇ ಊಟ ಮಾಡುತ್ತಿದ್ದರು. ಜುಲೈನಲ್ಲಿ ನಮ್ಮ ತಂಡ ಶ್ರೀಲಂಕಾಕ್ಕೆ ಹೋದಾಗ ರಿವ್ಯೂ ಪದ್ಧತಿ ಮೊದಲ ಬಾರಿಗೆ ಪ್ರಯೋಗಕ್ಕೆ ಬಂತು. ತೀರ್ಪು ತಪ್ಪು ಅನ್ನಿಸಿದರೆ ಆಟಗಾರ ಎರಡು ಕೈಯನ್ನು ಇಂಗ್ಲಿಷಿನ ಟಿ ಅಕ್ಷರದಂತೆ ಹಿಡಿದು ಮರುಪರಿಶೀಲನೆ ಕೇಳಬಹುದು. ಆಮೇಲೆ ಒಳಗೆ ಕೂತ ಮೂರನೇ ಅಂಪೈರ್ ವಿಡಿಯೋವನ್ನು ಹಿಂದೆ ಮುಂದೆ ಓಡಿಸಿ ನೋಡುತ್ತಾರೆ. ಅಲ್ಲಿಯವರೆಗೆ ಜಗತ್ತೆಲ್ಲ ಉಸಿರು ಬಿಗಿಹಿಡಿದು ಕಾಯಬೇಕು. ನಮ್ಮವರು ಕೇಳಿದ ರಿವ್ಯೂಗಳಲ್ಲಿ ಹೆಚ್ಚಿನವು ಬಿದ್ದುಹೋದವು. ಯಜಮಾನರ ಬೈಗುಳ ಅಂಪೈರಿನಿಂದ ಯಂತ್ರದ ಕಡೆಗೆ ತಿರುಗಿತು.

ಪಳನಿಸಾಮಿಯವರಿಗೆ ಐವತ್ತರ ಹತ್ತಿರ ವಯಸ್ಸು, ತೆಳ್ಳಗಿನ ಆಳು. ನಾನು ತಮಿಳಿನಲ್ಲಿ ಮಾತು ಶುರು ಮಾಡಿದೆ. ಮಾತೃಭಾಷೆ ಯಾವುದೆಂದು ಕೇಳಿದಾಗ ಕನ್ನಡ ಎಂದರು. ಅವರ ಮನೆತನ ತಲೆಮಾರುಗಳಿಂದ ಇಲ್ಲಿಯದು. ಮನೆಯಲ್ಲಿ ಕನ್ನಡ, ಹೊರಗೆಲ್ಲ ತಮಿಳು, ಕನ್ನಡ ಓದಲು ಬಾರದು.

"ಕಿವಿ ಎಷ್ಟು ವರ್ಷದಿಂದ ಹೀಗಿದೆ?" ಎಂದು ಅವರ ಎದುರಿಗೆ ಮುಖವಿಟ್ಟು ನಿಧಾನವಾಗಿ ಕೇಳಿದೆ.

"ರೊಂಬ ವರ್ಸ ಆಯ್ತು ಡಾಕ್ಟ್ರಮ್ಮ. ಮಿಲ್ಲಲ್ಲಿ ಯೋಳಿಲ್ಲ. ಯೋಳಿದ್ರೆ ತರಿಯಿಂದ ಇಳಿಸ್ಬುಡ್ತಾರೆ." ಅವರ ಮಾತಿನಲ್ಲಿ ರೊಂಬ ಎಂದರೆ ಬಹಳ, ತರಿ ಎಂದರೆ ಮಗ್ಗ.

"ಚೌಡಪ್ಪ ನಿಮ್ಮ ಕಡೆಯವರೇ?"

"ನಮ್ಮಕ್ಕನ ಗಂಡ. ಬಾವ." ಆಮೇಲೆ ಸೇರಿಸಿದರು: "ಅವತ್ತಿಂದ ನನ್ನ ಕೂಡೆ ಪೇಚಿಲ್ಲ." ಮಾತುಕತೆ ನಿಂತಿದೆ ಎಂದು.

ಪರೀಕ್ಷೆ ಮಾಡಿದೆ. ಮೌನದ ಕೋಣೆಯಲ್ಲಿ ಕೂರಿಸಿ, ಸ್ವರ ಕೇಳಿದಾಗಲೆಲ್ಲ ಬಟನ್ ಒತ್ತಿಸುವುದು ಮೊದಲ ಹಂತ. ಕಿವುಡಿನ ನಾಟಕ ಆಡುವವರು ಇಲ್ಲಿಯೇ ಸಿಕ್ಕಿಬೀಳುತ್ತಾರೆ. ಒಂದು ಸಲ ಒಂದು ಮಟ್ಟದಲ್ಲಿ ಒತ್ತಿದವರು ಇನ್ನೊಂದು ಸಲ ಬೇರೆ ಮಟ್ಟದಲ್ಲಿ ಒತ್ತುತ್ತಾರೆ. ಪಳನಿಸಾಮಿ ಎರಡು ಸಲವೂ ಒಂದೇ ಮಟ್ಟದಲ್ಲಿ ಒತ್ತಿದರು, ನಕ್ಷೆಯಲ್ಲಿ ಗುಂಡಿ ಬೀಳಬೇಕಾದಲ್ಲಿಯೇ ಬಿತ್ತು. ಆದರೂ ಕೆಲಸದ ಪ್ರಶ್ನೆಯಾದ್ದರಿಂದ ಬೆರಾ ಪರೀಕ್ಷೆಯನ್ನೂ ಮಾಡಿದೆ. ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಕಿವಿಗೆ ಟಕಟಕ ಶಬ್ದ ಕೊಟ್ಟು, ಮೆದುಳಿನ ಕಾಂಡ ಅದಕ್ಕೆ ಸ್ಪಂದಿಸುತ್ತದೆಯೇ ಎಂದು ಕಂಪ್ಯೂಟರಿನಲ್ಲಿ ನೋಡುವ ಕ್ರಮ ಅದು. ರೋಗಿ ಮಲಗಿ ಗೊರಕೆ ಹೊಡೆದರೂ ಫಲಿತಾಂಶ ಬದಲಾಗದು. ಎರಡೂ ಕಿವಿಗೆ ತೀವ್ರವಾದ ನಷ್ಟವಿತ್ತು. ಜಾಣ ಕಿವುಡಲ್ಲ, ನಿಜವಾದ ಕಿವುಡು.

ಉಳಿದದ್ದು ಸ್ಕೋರಿನ ಪ್ರಶ್ನೆ. ಅದು ನನ್ನ ಕೆಲಸವಲ್ಲ ಎಂದು ಬಿಡಬಹುದಿತ್ತು. ಆದರೆ ಬಿಟ್ಟರೆ ನನ್ನ ವರದಿಯನ್ನು ಅದೇ ಒಂದು ಪ್ರಶ್ನೆಯಿಂದ ಹೊಡೆದು ಹಾಕುತ್ತಾರೆ.

"ನಿಮಗೆ ರೇಡಿಯೋ ಕೇಳಲು ಸಾಧ್ಯವೇ ಇಲ್ಲ. ಮತ್ತೆ ಸ್ಕೋರ್ ಹೇಗೆ ಗೊತ್ತಾಗುತ್ತದೆ?" ಎಂದು ಕೇಳಿದೆ.

ಅಲ್ಲಿಯವರೆಗೆ ನನ್ನ ತುಟಿ ಬಿಟ್ಟು ಕದಲದ ಅವರ ಕಣ್ಣು ಗೋಡೆಯ ಕಡೆಗೆ ಹೋಯಿತು. "ಯಾರೋ ಯೋಳ್ತಾರೆ," ಎಂದರು.

ಅದು ಸುಳ್ಳು ಎಂದು ನನಗೆ ಗೊತ್ತಾಯಿತು. ಇಡೀ ಪರೀಕ್ಷೆಯಲ್ಲಿ ಒಂದೂ ಸುಳ್ಳು ಹೇಳದವರು ತಮಗೆ ಅನುಕೂಲವಾಗಬಹುದಾದ ಜಾಗದಲ್ಲಿ ಯಾಕೆ ಸುಳ್ಳು ಹೇಳಿದರು ಎಂಬುದು ಮಾತ್ರ ತಿಳಿಯಲಿಲ್ಲ. ನನಗೆ ಸ್ವಲ್ಪ ಸಿಟ್ಟೂ ಬಂತು.

ವರದಿಗೆ ಶೆಡ್ಡಿನ ಸದ್ದಿನ ಅಳತೆ ಬೇಕು ಎಂದು ಮಿಲ್ಲಿಗೆ ಹೇಳಿ, ಸರಣಿಯ ಕೊನೆಯ ಟೆಸ್ಟ್ ನಡೆಯುತ್ತಿದ್ದ ದಿನ ಮೀಟರ್ ಹಿಡಿದು ಹೋದೆ. ಬಾಗಿಲು ತೆರೆದ ತಕ್ಷಣ ಸದ್ದು ಎದೆಗೇ ಬಡಿಯಿತು. ಮೀಟರ್ ನೂರು ಡೆಸಿಬೆಲ್‌ಗೆ ಹತ್ತಿರವಿತ್ತು. ಪಕ್ಕದಲ್ಲಿ ನಿಂತ ಸೂಪರ್‌ವೈಸರ್ ಏನೋ ಹೇಳುತ್ತಿದ್ದರು. ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ನನ್ನ ಕಿವಿ ಚೆನ್ನಾಗಿಯೇ ಇದೆ. ಅಲ್ಲಿ ಯಾರೂ ಕೂಗುವುದಿಲ್ಲ, ಸ್ವರವಿಲ್ಲದೆ ತುಟಿ ಆಡಿಸುತ್ತಾರೆ, ಕೈ ಸನ್ನೆ ಮಾಡುತ್ತಾರೆ. ಎದುರಿನವರು ಕಣ್ಣಲ್ಲಿಯೇ ಕೇಳಿಸಿಕೊಳ್ಳುತ್ತಾರೆ. ಫಿಟ್ಟರ್ ಯಂತ್ರದೊಳಗೆ ಕೈಯಿಟ್ಟಿರುವಾಗ ನೇಕಾರ ಹಿಡಿಯ ಬಳಿ ನಿಂತು ಅವನ ಮುಖದಿಂದ ಕಣ್ಣು ತೆಗೆಯಬಾರದು ಎಂಬುದು ಅಲ್ಲಿ ಬರೆದಿಡದ ನಿಯಮ. ಇದನ್ನು ಸೂಪರ್‌ವೈಸರ್ ನನ್ನನ್ನು ಹೊರಗೆ ಕರೆದುಕೊಂಡು ಬಂದು ಹೇಳಿದರು.

ಮತ್ತೆ ಒಳಗೆ ಹೋಗಿ ಅಳತೆ ಮುಂದುವರಿಸುತ್ತಿದ್ದಾಗ ಕಿಟಕಿ ಪಕ್ಕದ ಮಗ್ಗದ ನೇಕಾರ ಹೊರಗೆ ನೋಡಿ ತಿರುಗಿ, ಕೈಯನ್ನು ಅಡ್ಡಡ್ಡ ಬೀಸಿದ. ನನಗೂ ಗೊತ್ತಿರುವಷ್ಟು ಕ್ರಿಕೆಟ್ ಅದು, ಬೌಂಡರಿ. ಆಚೆ ಸಾಲಿನವನು ಅದನ್ನು ನೋಡಿ ಅವನೂ ಕೈ ಬೀಸಿದ. ಹೀಗೆ ಬೌಂಡರಿ ಮಗ್ಗದಿಂದ ಮಗ್ಗಕ್ಕೆ ಶೆಡ್ಡಿನ ಕೊನೆಯವರೆಗೆ ಹೋಯಿತು. ನಾನು ಕಿಟಕಿಯ ಬಳಿ ಹೋಗಿ ನೋಡಿದೆ. ರಸ್ತೆಯಾಚೆ ಟೀ ಅಂಗಡಿ, ಅದರ ಗೋಡೆಯ ಮೇಲೆ ಟಿವಿ. ಸ್ವಲ್ಪ ಹೊತ್ತಿಗೆ ಕಿಟಕಿಯವನು ಎರಡು ಕೈ ಸೇರಿಸಿ ಟಿ ಆಕಾರ ಮಾಡಿದ. ಶೆಡ್ಡಿನ ತಲೆಗಳೆಲ್ಲ ಅವನ ಕಡೆ ತಿರುಗಿ ನಿಂತವು. ಮಗ್ಗಗಳು ಓಡುತ್ತಲೇ ಇದ್ದವು, ಒಬ್ಬನೂ ತನ್ನ ಮಗ್ಗ ನೋಡುತ್ತಿರಲಿಲ್ಲ.

"ಇದು ಯಾರ ಮಗ್ಗ?" ಎಂದು ಹೊರಗೆ ಬಂದ ಮೇಲೆ ಕೇಳಿದೆ. ಪಳನಿಸಾಮಿಯದು, ಅಮಾನತ್ತಿನಲ್ಲಿರುವುದರಿಂದ ಬೇರೆಯವನನ್ನು ಹಾಕಿದ್ದೇವೆ ಎಂದು ಸೂಪರ್‌ವೈಸರ್ ಹೇಳಿದರು.

ಆಗ ಆ ಸುಳ್ಳಿನ ಗಂಟು ಬಿಚ್ಚಿಕೊಂಡಿತು. ಅಪಘಾತವಾದ ದಿನವೂ ಟೆಸ್ಟ್ ಮ್ಯಾಚ್ ಇತ್ತು. ಕಿವಿಯಿಲ್ಲದೆಯೂ ಸ್ಕೋರ್ ಹೇಗೆ ಗೊತ್ತಾಗುತ್ತದೆ ಎಂದು ಹೇಳಿದರೆ ಪಳನಿಸಾಮಿ ನಾಟಕಕಾರನಲ್ಲ ಎಂದು ಸಾಬೀತಾಗುತ್ತದೆ. ಆದರೆ ಅಪಘಾತದ ಕ್ಷಣದಲ್ಲಿ ಕಣ್ಣು ಎಲ್ಲಿತ್ತು ಎಂಬುದೂ ಅದರೊಂದಿಗೇ ಹೊರಬೀಳುತ್ತದೆ. ಹೇಳದಿದ್ದರೆ ನಾಟಕಕಾರ, ಹೇಳಿದರೆ ಅಕ್ಕನ ಗಂಡನ ಕೈ ಚಕ್ರದಲ್ಲಿದ್ದಾಗ ಟಿವಿ ನೋಡುತ್ತಿದ್ದವನು. ಅತ್ತ ದರಿ, ಇತ್ತ ಪುಲಿ.

ಆಗಸ್ಟ್ ಕೊನೆಯಲ್ಲಿ ಮಿಲ್ಲಿನ ಕಚೇರಿಯಲ್ಲಿ ವಿಚಾರಣೆ ನಡೆಯಿತು. ಮಿಲ್ಲು ನೇಮಿಸಿದ್ದ ವಕೀಲರು ವಿಚಾರಣಾಧಿಕಾರಿ. ಮ್ಯಾನೇಜರ್, ಯೂನಿಯನ್ನಿನ ಒಬ್ಬರು, ಪಳನಿಸಾಮಿ ಇದ್ದರು. ಚೌಡಪ್ಪನವರನ್ನು ನಾನು ನೋಡಿದ್ದು ಅಲ್ಲಿಯೇ ಮೊದಲು. ಬಲಗೈಗೆ ಇನ್ನೂ ಪಟ್ಟಿ ಇತ್ತು. ಭಾವಮೈದುನನ ಕಡೆಗೆ ಒಮ್ಮೆಯೂ ನೋಡದೆ ಕೂತಿದ್ದರು.

ನಾನು ವರದಿ ಓದಿದೆ. ನಷ್ಟ ನಿಜವಾದದ್ದು, ಶಬ್ದದಿಂದ ಆದದ್ದು. ಆ ಶೆಡ್ಡಿನಲ್ಲಿ ಒಳ್ಳೆಯ ಕಿವಿಯವರಿಗೂ ಕೂಗು ಕೇಳುವ ಭರವಸೆ ಇಲ್ಲ ಎಂದೆ. ವಕೀಲರು ತಲೆಯಾಡಿಸಿದರು. ಮ್ಯಾನೇಜರ್ ಮುಂದೆ ಬಾಗಿ, ನಾನು ಕಾದಿದ್ದ ಪ್ರಶ್ನೆಯನ್ನೇ ತಮಿಳಿನಲ್ಲಿ ಕೇಳಿದರು: "ಹಾಗಾದರೆ ಸ್ಕೋರ್ ಹೇಗೆ ಗೊತ್ತಾಯಿತು, ಮೇಡಂ?"

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ನನ್ನ ವರದಿ ಗೆಲ್ಲುತ್ತದೆ, ಆ ಮನುಷ್ಯ ಸೋಲುತ್ತಾರೆ. ಗೊತ್ತಿಲ್ಲ ಎನ್ನಲು ನನಗೆ ಆಗದು, ಸುಳ್ಳು ಹೇಳಿ ಅಭ್ಯಾಸವಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಪಳನಿಸಾಮಿ ಎದ್ದು ನಿಂತರು. ಮ್ಯಾನೇಜರ್ ಅವರ ಎದುರಿಗೇ ಕೂತಿದ್ದರು. ಪ್ರಶ್ನೆಯನ್ನು ಪಳನಿಸಾಮಿ ಮ್ಯಾನೇಜರರ ತುಟಿಯ ಮೇಲೆಯೇ ಓದಿಕೊಂಡಿದ್ದರು. ಆದರೆ ಉತ್ತರ ಹೇಳಿದ್ದು ಮ್ಯಾನೇಜರಿಗಲ್ಲ, ಚೌಡಪ್ಪನವರಿಗೆ, ಕನ್ನಡದಲ್ಲಿ.

"ಬಾವ, ನಂಗೆ ಸತ್ತ ಕೇಳಲ್ಲ, ಅದು ನೆಜ. ಆದ್ರೆ ಅವತ್ತು ನಾನು ನಿಮ್ಮ ಮೊಕ ನೋಡ್ತಿರ್ಲಿಲ್ಲ. ಜನ್ನಲ್ ಕಡೆ ನೋಡ್ತಿದ್ದೆ. ರಿವ್ಯೂ ಕೇಳಿದ್ರು, ಏನಾಯ್ತದೆ ಅಂತ ನೋಡ್ತಿದ್ದೆ. ಎಲ್ರೂ ನನ್ನ ಕಿವೀನ ಕೇಳಿದ್ರು, ಕಣ್ಣ ಯಾರೂ ಕೇಳಲಿಲ್ಲ. ನಾನೂ ಯೋಳಲಿಲ್ಲ."

ಅವರ ಮಾತಿನಲ್ಲಿ ಸತ್ತ ಎಂದರೆ ಸದ್ದು, ಜನ್ನಲ್ ಎಂದರೆ ಕಿಟಕಿ. ವಕೀಲರಿಗೆ ಕನ್ನಡ ತಿಳಿಯದು. ಯೂನಿಯನ್ನಿನವರು ತಮಿಳಿನಲ್ಲಿ ಹೇಳತೊಡಗಿದರು, ಹೇಳುತ್ತಲೇ ಅವರ ಸ್ವರ ಇಳಿಯಿತು. ಅಷ್ಟರಲ್ಲಿ ಚೌಡಪ್ಪ ಎದ್ದು ಬಂದು, ಎಡಗೈಯಿಂದ ಪಳನಿಸಾಮಿಯ ಭುಜ ಹಿಡಿದು ತಮ್ಮ ಕಡೆಗೆ ತಿರುಗಿಸಿಕೊಂಡು ಏನೋ ಹೇಳಿದರು. ಶೆಡ್ಡಿನ ರೀತಿಯಲ್ಲಿ, ಸ್ವರವಿಲ್ಲದೆ, ಬರೀ ತುಟಿಯಲ್ಲಿ. ಆ ಕೋಣೆಯಲ್ಲಿ ಅದು ತಿಳಿದದ್ದು ಕಿವಿ ಕೇಳದ ಒಬ್ಬರಿಗೆ ಮಾತ್ರ. ಅವರು ತಲೆ ಅಲ್ಲಾಡಿಸಿ, ತಾವೂ ತುಟಿಯಲ್ಲಿಯೇ ಏನೋ ಹೇಳಿ, ಮುಖ ಮುಚ್ಚಿಕೊಂಡು ಅತ್ತರು.

ಕೂಗು ಕೇಳಿಯೂ ನಿಲ್ಲಿಸಲಿಲ್ಲ ಎಂಬ ಆರೋಪ ಬಿದ್ದುಹೋಯಿತು. ಅಜಾಗರೂಕತೆಯನ್ನು ಅವರು ತಾವಾಗಿಯೇ ಒಪ್ಪಿಕೊಂಡದ್ದಾಯಿತು. ಗಾಯಗೊಂಡವರೇ ವಜಾ ಬೇಡ ಎಂದು ಕೇಳಿಕೊಂಡದ್ದರಿಂದ ಪಳನಿಸಾಮಿಯವರ ಬಡ್ತಿ ತಡೆದು, ಮಗ್ಗದಿಂದ ಇಳಿಸಿ, ಬಟ್ಟೆ ಮಡಿಸುವ ವಿಭಾಗಕ್ಕೆ ಹಾಕಿದರು. ಎಲ್ಲರಿಗೂ ಇಯರ್‌ಪ್ಲಗ್ ಕೊಡಿ ಎಂಬ ನನ್ನ ಶಿಫಾರಸಿಗೆ ಏನಾಯಿತೋ ತಿಳಿಯದು. ಕಿಟಕಿಗೆ ಮಾತ್ರ ಪ್ಲೈವುಡ್ ಹೊಡೆದರು ಎಂದು ಕೇಳಿದೆ. ಗಾಳಿಯೂ ನಿಂತಿತು.

ಕಿವಿಯನ್ನು ಅಳೆಯುವ ಕೆಲಸದಲ್ಲಿ ನಾನು ಕಲಿತದ್ದನ್ನು ಆ ವಿಚಾರಣೆಗಿಂತ ಚೆನ್ನಾಗಿ ಬೇರೇನೂ ಕಲಿಸಲಿಲ್ಲ. ಯಂತ್ರ ಕೇಳಿದ ಪ್ರಶ್ನೆಗಷ್ಟೇ ಉತ್ತರ ಹೇಳುತ್ತದೆ, ಸರಿಯಾಗಿಯೇ ಹೇಳುತ್ತದೆ. ನೊಂದವರು ಕಾಯುತ್ತಿರುವ ಪ್ರಶ್ನೆ ಎಷ್ಟೋ ಸಲ ಬೇರೆಯದೇ ಇರುತ್ತದೆ. ಅದಕ್ಕೆ ಉತ್ತರ ಯಾರ ಬಳಿ ಇದೆಯೋ ಅವರೇ ಬಾಯಿ ಬಿಡಬೇಕು. ಆಮೇಲೆ ನಾನು ಯಾವ ವರದಿ ಬರೆದರೂ, ಇದರಿಂದ ಏನು ತಿಳಿಯುವುದಿಲ್ಲ ಎಂಬುದನ್ನೂ ಒಂದು ಸಾಲು ಬರೆಯುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಪಳನಿಸಾಮಿ ಶ್ರವಣಯಂತ್ರ ಹಾಕಿಸಿಕೊಳ್ಳಲು ಬಂದರು. ಜೊತೆಯಲ್ಲಿ ಚೌಡಪ್ಪ ಇದ್ದರು, ಟೋಕನ್ ತರಲು ಕೌಂಟರಿಗೆ ಹೋಗಿದ್ದರು. ಆ ದಿನ ಬಾವ ಏನು ಹೇಳಿದರು ಎಂದು ಕೇಳುವುದು ನನ್ನ ಕೆಲಸವಲ್ಲ. ಆದರೂ ಕೇಳಿದೆ.

"ಅದಾ ಡಾಕ್ಟ್ರಮ್ಮ? ಔಟಾ, ನಾಟೌಟಾ ಅಂತ ಕೇಳಿದ್ರು."

"ನೀವೇನು ಹೇಳಿದಿರಿ?"

"ತೆರಿಯಾದು ಬಾವ ಅಂದೆ. ಗೊತ್ತಿಲ್ಲ. ಅಷ್ಟರಲ್ಲಿ ನಿಮ್ಮ ಕೈ ಕಂಡ್ಬುಡ್ತು ಅಂದೆ."